ಓದುಗರ ಪ್ರಶ್ನೆಗಳು: ಹೆಪ್ಪುಗಟ್ಟಿದ ನೆಲಕ್ಕೆ ಮಳೆ ತಂಪೋ, ಬಿಸಿಯೋ?

ಪ್ರಶ್ನೆ: ಮಳೆ ಬಂದರೆ ನೆಲ ತಣಿಯುತ್ತದೆ ಎಂಬುದು ಎಲ್ಲರ ಅನುಭವ. ಆದರೆ ಉತ್ತರ ಧ್ರುವದ ಸುತ್ತಲಿನ ಪ್ರದೇಶಗಳಲ್ಲಿ ಮಳೆ ಹೆಚ್ಚಿದಂತೆಲ್ಲ ಪರ್ಮಾಫ್ರಾಸ್ಟ್ (ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲ) ಕರಗುತ್ತಿದೆ ಎಂದು ಒಂದು ಕಡೆ ಓದಿದೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಬೇಸಿಗೆಯ ಮಳೆ ಅದೇ ಪರ್ಮಾಫ್ರಾಸ್ಟನ್ನು ತಂಪಾಗಿಡುತ್ತದೆ ಎಂದು ಇನ್ನೊಂದು ಕಡೆ ಓದಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬಹುದು. ಎಷ್ಟು ಮಿಲಿಮೀಟರ್ ಮಳೆ ಸುರಿಯಿತು ಎಂಬ ಒಂದೇ ಅಂಕಿಯನ್ನು ಹಿಡಿದುಕೊಂಡು ನೆಲದ ತಾಪಮಾನ ಏರಿತೋ ಇಳಿಯಿತೋ ಎಂದು ಹೇಳಲು ಬರುವುದಿಲ್ಲ. ಆ ಮಳೆ ಯಾವ ತಿಂಗಳಲ್ಲಿ ಬಂತು, ಎಂಥ ನೆಲದ ಮೇಲೆ ಬಿತ್ತು, ಬಿದ್ದ ಮೇಲೆ ನೀರು ಎಲ್ಲಿಗೆ ಹೋಯಿತು ಎಂಬ ಮೂರು ಸಂಗತಿಗಳು ಗೊತ್ತಾದರೆ ಮಾತ್ರ ಉತ್ತರ ಸಿಗುತ್ತದೆ.

ಮೊದಲು ನೆಲದ ರಚನೆಯನ್ನು ನೋಡೋಣ. ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಉಳಿದಿರುವ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಅದು ಮಣ್ಣಾಗಿರಬಹುದು, ಬಂಡೆಯಾಗಿರಬಹುದು. ಒಳಗೆ ಮಂಜುಗಡ್ಡೆ ಧಾರಾಳವಾಗಿರಬಹುದು, ಅತ್ಯಲ್ಪವಾಗಿಯೂ ಇರಬಹುದು. ಉತ್ತರ ಗೋಳಾರ್ಧದ ಭೂಭಾಗದಲ್ಲಿ ಸುಮಾರು ಶೇಕಡಾ 15ರಷ್ಟು ಇಂಥ ನೆಲವಿದೆ. ಅದರ ಮೇಲೆ, ಪ್ರತಿ ಬೇಸಿಗೆಯಲ್ಲಿ ಕರಗಿ ಪ್ರತಿ ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುವ ಒಂದು ಹೊದಿಕೆಯಿದೆ. ಇದೇ ಸಕ್ರಿಯ ಪದರ. ಪಾಚಿ ಮತ್ತು ಪೀಟ್ (ಅರೆಕೊಳೆತ ಸಸ್ಯಗಳಿಂದಾದ ಮಣ್ಣು) ದಟ್ಟವಾಗಿರುವ ಕಡೆ ಇದರ ದಪ್ಪ ಅರ್ಧ ಮೀಟರ್ ದಾಟದೆ ಇರಬಹುದು. ಬೋಳು ಮರಳುನೆಲದಲ್ಲಿ ಎರಡು ಮೂರು ಮೀಟರ್ ಇರಬಹುದು. ಕೆಳಗಿನ ಹೆಪ್ಪುನೆಲ ನೀರನ್ನು ಬಹುಮಟ್ಟಿಗೆ ಒಳಗೆ ಬಿಡುವುದಿಲ್ಲವಾದ್ದರಿಂದ ಬಾಣಲೆಯ ತಳದಲ್ಲಿ ನಿಂತಂತೆ ನೀರು ಅದರ ಮೇಲೆಯೇ ನಿಲ್ಲುತ್ತದೆ, ಇಲ್ಲವೇ ಇಳಿಜಾರು ಹಿಡಿದು ಹರಿದುಹೋಗುತ್ತದೆ. ಮಳೆ ಮಾಡುವ ಒಳಿತು ಕೆಡುಕುಗಳೆಲ್ಲ ಈ ಸಕ್ರಿಯ ಪದರದ ಮೂಲಕವೇ ನಡೆಯಬೇಕು.

ಈಗ ಒಂದು ಸಣ್ಣ ಲೆಕ್ಕ. ಓದುಗರು ಕಾಗದ ತೆಗೆದುಕೊಂಡು ತಾವೇ ಮಾಡಿ ನೋಡಬೇಕೆಂಬುದು ನನ್ನ ಆಸೆ, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದರಲ್ಲೇ ಇದೆ. ಒಂದು ಚದರ ಮೀಟರ್ ನೆಲದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು 10 ಲೀಟರ್, ಅಂದರೆ 10 ಕಿಲೋಗ್ರಾಂ ನೀರು. ಆ ನೀರು 10 ಡಿಗ್ರಿ ತಾಪಮಾನದಲ್ಲಿದ್ದು, ಇಂಗಿ ಕೆಳಗಿಳಿದು, ಹೆಪ್ಪುನೆಲವನ್ನು ಮುಟ್ಟಿ ಸೊನ್ನೆಗೆ ತಣಿದರೆ ಬಿಟ್ಟುಕೊಡುವ ಶಾಖ ಸುಮಾರು 420 ಕಿಲೋಜೂಲ್. ಒಂದು ಕಿಲೋಗ್ರಾಂ ಮಂಜುಗಡ್ಡೆಯನ್ನು ಕರಗಿಸಲು 334 ಕಿಲೋಜೂಲ್ ಬೇಕಾಗುವುದರಿಂದ, ಅಷ್ಟು ಶಾಖಕ್ಕೆ ಕರಗುವುದು ಒಂದೂಕಾಲು ಕಿಲೋಗ್ರಾಂ ಮಾತ್ರ. ಮಣ್ಣಿನ ಗಾತ್ರದಲ್ಲಿ ಅರ್ಧಪಾಲು ಮಂಜುಗಡ್ಡೆಯೇ ಇದೆ ಎಂದುಕೊಂಡರೆ, ಕರಗಿದ ಗಡಿ ಕೆಳಗೆ ಸರಿಯುವುದು ಮೂರು ಮಿಲಿಮೀಟರಿಗಿಂತಲೂ ಕಡಿಮೆ. ಅದೇ 10 ಕಿಲೋಗ್ರಾಂ ನೀರು ಕೆಳಗಿಳಿಯದೆ ಮೇಲ್ಮೈಯಲ್ಲೇ ಉಳಿದು ಆವಿಯಾಗಿ ಹೋದರೆ, ಅದಕ್ಕೆ ಬೇಕಾಗುವ ಶಾಖ ಸುಮಾರು 24,500 ಕಿಲೋಜೂಲ್. ಅಂದರೆ ಮಳೆ ಹೊತ್ತು ತಂದ ಶಾಖದ ಐವತ್ತೆಂಟು ಪಟ್ಟು! ಈ ಶಾಖವೆಲ್ಲ ನೆಲದಿಂದಲೇ ಹೊರಡುವುದಿಲ್ಲ ನಿಜ. ಬಿಸಿಲು ಮತ್ತು ಗಾಳಿಯ ಪಾಲೂ ಅದರಲ್ಲಿದೆ. ಆದರೂ ನೆಲವನ್ನು ಕಾಯಿಸಬೇಕಿದ್ದ ಬಿಸಿಲಿನ ದೊಡ್ಡ ಭಾಗ ನೀರನ್ನು ಆವಿ ಮಾಡುವುದರಲ್ಲೇ ಮುಗಿದುಹೋಗುತ್ತದೆ. ಮಳೆ ಬಂದ ಮೇಲೆ ನೆಲ ತಣಿಯುವ ನಮ್ಮ ಅನುಭವಕ್ಕೂ ಮುಖ್ಯ ಕಾರಣ ಇದೇ.

ಟಿಬೆಟ್ ಪ್ರಸ್ಥಭೂಮಿಯಲ್ಲಿ ಲೆಕ್ಕದ ಈ ಎರಡನೆಯ ಭಾಗಕ್ಕೆ ತೂಕ ಹೆಚ್ಚು. ಅಲ್ಲಿಯ ಸರಾಸರಿ ಎತ್ತರ 4,000 ಮೀಟರಿಗಿಂತ ಮೇಲಿದೆ, ಬಿಸಿಲು ಪ್ರಖರ, ಗಾಳಿ ಒಣದು, ಹುಲ್ಲು ವಿರಳ. ವರ್ಷದ ಮಳೆಯಲ್ಲಿ ಬಹುಪಾಲು ಬೇಸಿಗೆಯ ತಿಂಗಳುಗಳಲ್ಲೇ ಬರುತ್ತದೆ. ಬಿಸಿಲಿಗೆ ಕಾದು ನಿಂತ ನೆಲದ ಮೇಲೆ ಮಳೆ ಬಿದ್ದು ಬಹುಭಾಗ ಆವಿಯಾದಾಗ ಮೇಲ್ಮೈ ತಾಪಮಾನ ಇಳಿಯುತ್ತದೆ, ಕೆಳಕ್ಕೆ ಹರಿಯುವ ಶಾಖ ತಗ್ಗುತ್ತದೆ. ಅಲ್ಲಿ ಅಳತೆ ಮಾಡಿದವರು ಮಳೆ ಹೆಚ್ಚಿದ ಬೇಸಿಗೆಗಳಲ್ಲಿ ಸಕ್ರಿಯ ಪದರ ತಂಪಾಗಿರುವುದನ್ನು ಕಂಡಿದ್ದಾರೆ. ಹವೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಆ ತಂಪು ಪೂರ್ತಿ ರಕ್ಷಣೆಯೇನೂ ಅಲ್ಲ, ಏರಿಕೆಯ ವೇಗವನ್ನು ಸ್ವಲ್ಪ ತಡೆಯುತ್ತದೆ ಅಷ್ಟೆ.

ಅಲಾಸ್ಕದ ಒಳನಾಡಿಗೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ಫೇರ್‌ಬ್ಯಾಂಕ್ಸ್ ಸುತ್ತಮುತ್ತಲ ಕಾಡು, ಜೌಗು ಮತ್ತು ಟಂಡ್ರಾಗಳಲ್ಲಿ ಹಲವು ವರ್ಷ ಕರಗಿದ ಆಳವನ್ನು ಅಳೆದು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಬೇಸಿಗೆಯಲ್ಲಿ ಹೆಚ್ಚುವರಿಯಾಗಿ ಬಿದ್ದ ಪ್ರತಿ ಒಂದು ಸೆಂಟಿಮೀಟರ್ ಮಳೆಗೆ ನೆಲ ಸರಾಸರಿ 0.7 ಸೆಂಟಿಮೀಟರ್ ಹೆಚ್ಚು ಆಳಕ್ಕೆ ಕರಗಿತ್ತು. ಈಗ ನಮ್ಮ ಲೆಕ್ಕಕ್ಕೆ ಹಿಂತಿರುಗಿ ನೋಡಿ: ಒಂದು ಸೆಂಟಿಮೀಟರ್ ಮಳೆಯ ಸ್ವಂತ ಶಾಖದಿಂದ ಮೂರು ಮಿಲಿಮೀಟರ್ ಕರಗುವುದೂ ಕಷ್ಟ, ಅಳತೆಯಲ್ಲಿ ಸಿಕ್ಕಿದ್ದು ಏಳು ಮಿಲಿಮೀಟರ್. ಉಳಿದದ್ದು ಎಲ್ಲಿಂದ ಬಂತು?

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಅಲಾಸ್ಕದ ಕಾಡುನೆಲದ ಮೇಲೆ ಸ್ಫ್ಯಾಗ್ನಮ್ ಮೊದಲಾದ ಪಾಚಿಗಳ ದಪ್ಪ ಹಾಸು, ಅದರಡಿಯಲ್ಲಿ ಪೀಟ್ ಇರುತ್ತದೆ. ಒಣಗಿದ ಪಾಚಿಯನ್ನು ಕೈಯಲ್ಲಿ ಹಿಡಿದರೆ ಹತ್ತಿಯ ಹಾಗೆ ಹಗುರ, ಏಕೆಂದರೆ ಅದರ ತುಂಬ ಗಾಳಿ. ನಿಶ್ಚಲ ಗಾಳಿಯ ಉಷ್ಣವಾಹಕತೆ ಅತ್ಯಂತ ಕಡಿಮೆ, ನೀರಿನದು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಹಾಗಾಗಿ ಒಣ ಪಾಚಿ ಬೇಸಿಗೆಯ ಬಿಸಿಯನ್ನು ಕೆಳಗೆ ಬಿಡದೆ ಕಂಬಳಿಯಂತೆ ತಡೆಯುತ್ತದೆ. ಮಳೆ ಬಂದು ಆ ಗಾಳಿಯ ಜಾಗದಲ್ಲೆಲ್ಲ ನೀರು ತುಂಬಿಕೊಂಡಾಗ ಕಂಬಳಿ ಒದ್ದೆಯಾಗುತ್ತದೆ, ಬೇಸಿಗೆಯ ಉಳಿದ ದಿನಗಳ ಬಿಸಿಯೆಲ್ಲ ಸರಾಗವಾಗಿ ಕೆಳಗಿಳಿಯುತ್ತದೆ. ಇಂಗುವ ನೀರು ತಾನು ತಂದ ಶಾಖದ ಜೊತೆಗೆ, ದಾರಿಯಲ್ಲಿ ಮೇಲ್ಮಣ್ಣಿನಲ್ಲಿದ್ದ ಶಾಖವನ್ನೂ ಹೊತ್ತುಕೊಂಡು ಕರಗುವ ಗಡಿಯವರೆಗೆ ಒಯ್ಯುತ್ತದೆ. ಮರಗಳ ನೆರಳು ಮತ್ತು ಆರ್ದ್ರ ಹವೆಯಿಂದಾಗಿ ಆವಿಯಾಗುವ ಪ್ರಮಾಣ ಟಿಬೆಟ್ಟಿನಷ್ಟು ಇಲ್ಲ. ಮರ ಕಡಿದು, ಪಾಚಿಯ ಹಾಸನ್ನು ಕೆರೆದು ನೆಲವನ್ನು ಕದಡಿದ ಕಡೆಗಳಲ್ಲಿ ಮಳೆಯ ಪರಿಣಾಮ ಇನ್ನೂ ತೀವ್ರವಾಗಿತ್ತು ಎಂಬುದನ್ನೂ ಅದೇ ಅಧ್ಯಯನ ತೋರಿಸಿದೆ.

ಮಳೆ ಬೇಸಿಗೆಯ ಆರಂಭದಲ್ಲಿ ಬಂದರೆ ಒದ್ದೆ ಕಂಬಳಿಯ ಮೇಲೆ ಇಡೀ ಬೇಸಿಗೆಯ ಬಿಸಿಲು ಕೆಲಸ ಮಾಡಲು ಸಮಯವಿರುತ್ತದೆ. ಬೇಸಿಗೆಯ ಕೊನೆಗೆ ಬಂದರೆ ಬೇರೊಂದು ಕತೆ. ಶರತ್ಕಾಲದಲ್ಲಿ ನೀರು ತುಂಬಿದ ನೆಲ ಹೆಪ್ಪುಗಟ್ಟಲು ಹೊರಟಾಗ ಪ್ರತಿ ಕಿಲೋಗ್ರಾಂ ನೀರೂ ತನ್ನ 334 ಕಿಲೋಜೂಲ್ ಗುಪ್ತೋಷ್ಣವನ್ನು ಹೊರಹಾಕಬೇಕು. ಅದು ಮುಗಿಯುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಣ್ಣಿನ ತಾಪಮಾನ ಸೊನ್ನೆಯಲ್ಲೇ ಕದಲದೆ ನಿಂತುಬಿಡುತ್ತದೆ. ಗ್ರಾಫಿನಲ್ಲಿ ಇಳಿಬಿಟ್ಟ ಪರದೆಯಂತೆ ಕಾಣುವ ಈ ಸ್ಥಿತಿಯನ್ನು ತಜ್ಞರು 'ಶೂನ್ಯ ಪರದೆ' ಎನ್ನುತ್ತಾರೆ. ಆ ಪರದೆ ಸರಿಯದೆ ಚಳಿಗಾಲದ ಶೀತ ಕೆಳಗಿನ ಪರ್ಮಾಫ್ರಾಸ್ಟನ್ನು ತಲುಪುವಂತಿಲ್ಲ. ಇಲ್ಲಿ ಒಂದು ಸಮಾಧಾನದ ಅಂಶವೂ ಇದೆ: ಒಮ್ಮೆ ಹೆಪ್ಪುಗಟ್ಟಿದ ಮೇಲೆ ಅದೇ ಒದ್ದೆ ಪೀಟ್ ಶೀತವನ್ನು ಚೆನ್ನಾಗಿ ಒಳಗೆ ಬಿಡುತ್ತದೆ, ಏಕೆಂದರೆ ಮಂಜುಗಡ್ಡೆಯ ಉಷ್ಣವಾಹಕತೆ ನೀರಿನದರ ಸುಮಾರು ನಾಲ್ಕು ಪಟ್ಟು. ಬೇಸಿಗೆಯಲ್ಲಿ ಒಣಗಿ, ಚಳಿಗಾಲದಲ್ಲಿ ಒದ್ದೆಯಾಗಿ ಹೆಪ್ಪುಗಟ್ಟುವ ಪೀಟ್ ಇರುವ ಕಡೆ, ವರ್ಷದ ಸರಾಸರಿ ಗಾಳಿಯ ತಾಪಮಾನ ಸೊನ್ನೆಗೆ ಹತ್ತಿರವಿದ್ದರೂ ಪರ್ಮಾಫ್ರಾಸ್ಟ್ ಉಳಿದಿರುವುದು ಈ ಗುಣದಿಂದಲೇ.

ಸೈಬೀರಿಯದ ಯಾಕುಟ್ಸ್ಕ್ ಸುತ್ತಲಿನ ಲೇನಾ ನದಿ ಕೊಳ್ಳದಲ್ಲಿ ಈ ಎಲ್ಲ ಅಂಶಗಳೂ ಒಂದರ ಮೇಲೊಂದು ಸೇರಿದವು. ಅದು ಒಣ ನಾಡು, ವರ್ಷಕ್ಕೆ ಸುಮಾರು 240 ಮಿಲಿಮೀಟರ್ ಮಳೆ ಹಿಮ ಬೀಳುವ ಜಾಗ. ಅಲ್ಲಿ 2004ರ ನಂತರ ಕೆಲವು ವರ್ಷ ಮಳೆಯೂ ಹಿಮವೂ ಸರಾಸರಿಯನ್ನು ಮೀರಿದವು. ನೆನೆದ ಮಣ್ಣು ಚಳಿಗಾಲದಲ್ಲಿ ಹಿಮದ ದಪ್ಪ ಹೊದಿಕೆಯ ಕೆಳಗೆ ತಣಿಯಲಾರದೆ ಹೋಯಿತು, ಮಣ್ಣಿನ ತಾಪಮಾನ ಕೆಲವೇ ವರ್ಷಗಳಲ್ಲಿ ಏರಿತು, ಸಕ್ರಿಯ ಪದರ ಆಳವಾಯಿತು. ಒಣ ನೆಲಕ್ಕೆ ಒಗ್ಗಿಕೊಂಡಿದ್ದ ಲಾರ್ಚ್ ಮರಗಳು ಬೇರಿಗೆ ನೀರು ನಿಂತು ಅಲ್ಲಲ್ಲಿ ಒಣಗಿ ಸತ್ತವು. ನೀರು ಸಾಲದ ನಾಡಿನಲ್ಲಿ ನೀರು ಹೆಚ್ಚಾಗಿ ಕಾಡು ಸಾಯುವುದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಪ್ರಶ್ನೆ: ಚಳಿಗಾಲದಲ್ಲಿ ಹಿಮದ ಮೇಲೆ ಮಳೆ ಬೀಳುವುದು ಹೆಚ್ಚಾಗುತ್ತಿದೆಯಂತೆ. ಆ ಮಳೆ ಅಲ್ಲೇ ಹೆಪ್ಪುಗಟ್ಟುವುದಾದರೆ ನೆಲ ಇನ್ನಷ್ಟು ತಣ್ಣಗಾಗಬೇಕಲ್ಲವೇ?

ಉತ್ತರ: ಹೆಪ್ಪುಗಟ್ಟುವುದು ತಣ್ಣಗಾದುದರ ಗುರುತು ಎಂದು ನಾವು ಭಾವಿಸುತ್ತೇವೆ, ಆದರೆ ಹೆಪ್ಪುಗಟ್ಟುವ ನೀರು ಸುತ್ತಲಿನದನ್ನು ಬೆಚ್ಚಗೆ ಮಾಡುತ್ತದೆ. ಮೇಲೆ ಹೇಳಿದ ಗುಪ್ತೋಷ್ಣವೇ ಇಲ್ಲಿಯೂ ಕೆಲಸ ಮಾಡುವುದು. ಚಳಿಗಾಲದಲ್ಲಿ ಬೀಳುವ 10 ಮಿಲಿಮೀಟರ್ ಮಳೆ ಒಂದೆರಡು ಡಿಗ್ರಿಯಷ್ಟೇ ಬೆಚ್ಚಗಿರುತ್ತದೆ, ಆ ಬಿಸಿ ಲೆಕ್ಕಕ್ಕೇ ಬಾರದು. ಅದು ಹಿಮದ ಸಂದುಗಳಲ್ಲಿ ಇಳಿದು, ಸೊನ್ನೆಗಿಂತ ಕೆಳಗಿರುವ ನೆಲದ ಮೇಲ್ಮೈಯನ್ನು ಮುಟ್ಟಿ ಹೆಪ್ಪುಗಟ್ಟಿದಾಗ ಪ್ರತಿ ಚದರ ಮೀಟರಿಗೆ 3,340 ಕಿಲೋಜೂಲ್ ಶಾಖವನ್ನು ಬಿಡುತ್ತದೆ. ಅದರಲ್ಲಿ ಅರ್ಧದಷ್ಟು ಕೆಳಗೆ ಹೋದರೂ ಒಂದು ಮೀಟರ್ ದಪ್ಪದ ಹೆಪ್ಪುಗಟ್ಟಿದ ಮಣ್ಣನ್ನು ಮುಕ್ಕಾಲು ಡಿಗ್ರಿಯಷ್ಟು ಬೆಚ್ಚಗೆ ಮಾಡಲು ಸಾಕು. ಮೇಲಿನ ಹಿಮ ಒಳ್ಳೆಯ ಹೊದಿಕೆಯಾದ್ದರಿಂದ ಹೀಗೆ ಸೇರಿದ ಶಾಖ ಬೇಗ ಹೊರಗೆ ಹೋಗುವುದೂ ಇಲ್ಲ. ಚಳಿಗಾಲದಲ್ಲಿ ಕೂಡಿಟ್ಟ ಶೀತದ ಒಂದು ಭಾಗವನ್ನು ಇಂಥ ಮಳೆ ಅಳಿಸಿಬಿಡಬಲ್ಲದು.

ಮಳೆ ಹಿಮದ ಹೊದಿಕೆಯನ್ನೇ ಕುಗ್ಗಿಸಿ ತೆಳುವಾಗಿಸಿದರೆ ಮುಂದೆ ಬರುವ ಶೀತಗಾಳಿ ನೆಲವನ್ನು ಹೆಚ್ಚು ತಣಿಸುವ ಸಾಧ್ಯತೆಯೂ ಇದೆ. ಆದ್ದರಿಂದ ಒಂದು ಮಳೆಯ ನಂತರ ಏನಾಯಿತು ಎಂಬುದಕ್ಕಿಂತ, ಆ ಚಳಿಗಾಲ ಮುಗಿಯುವಾಗ ಒಟ್ಟು ಏನಾಗಿತ್ತು ಎಂಬುದನ್ನು ನೋಡಬೇಕು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2012ರ ಜನವರಿ ಕೊನೆ ಮತ್ತು ಫೆಬ್ರವರಿ ಆರಂಭದಲ್ಲಿ ಸುರಿದ ಭಾರಿ ಮಳೆ ನೆಲವನ್ನು ದಪ್ಪ ಮಂಜುಗಡ್ಡೆಯ ಹಾಸಿನಿಂದ ಮುಚ್ಚಿತು. ಹಿಮಸಾರಂಗಗಳು ಮೇವಿಗೆ ಬಾಯಿ ಹಾಕಲಾಗದೆ ಸತ್ತವು, ಪರ್ಮಾಫ್ರಾಸ್ಟಿನ ತಾಪಮಾನವೂ ಏರಿತು. ರಷ್ಯದ ಯಮಾಲ್ ಪರ್ಯಾಯದ್ವೀಪದಲ್ಲಿ 2013ರ ನವೆಂಬರಿನ ಅಂಥದೇ ಮಳೆಯ ನಂತರ ಸುಮಾರು 61,000 ಹಿಮಸಾರಂಗಗಳು ಹಸಿವಿನಿಂದ ಸತ್ತವು. ಅವುಗಳನ್ನೇ ನಂಬಿ ಬದುಕುವ ನೆನೆಟ್ಸ್ ಕುಟುಂಬಗಳಿಗೆ ಅದು ಒಂದೇ ಚಳಿಗಾಲದಲ್ಲಿ ಬಂದ ದಾರಿದ್ರ್ಯ.

ಸ್ವಾಲ್ಬಾರ್ಡಿನ ಇನ್ನೊಂದು ಉದಾಹರಣೆ ಬಹಳ ಜನರಿಗೆ ಗೊತ್ತಿರಬಹುದು. ಜಗತ್ತಿನ ಬೆಳೆಗಳ ಬೀಜಗಳನ್ನು ಕಾಯ್ದಿಡಲು ಲಾಂಗ್‌ಯಿಯರ್‌ಬ್ಯೂನ್ ಬಳಿಯ ಬೆಟ್ಟದೊಳಗೆ 2008ರಲ್ಲಿ ತೆರೆದ ಬೀಜ ಭಂಡಾರದ ಪ್ರವೇಶ ಸುರಂಗಕ್ಕೆ 2016ರ ಅಕ್ಟೋಬರಿನಲ್ಲಿ ಮಳೆ ಮತ್ತು ಕರಗಿದ ನೀರು ನುಗ್ಗಿ, ಒಳಗೆ ಹೆಪ್ಪುಗಟ್ಟಿತು. ಮೈನಸ್ 18 ಡಿಗ್ರಿಯಲ್ಲಿಟ್ಟ ಬೀಜಗಳಿಗೆ ಏನೂ ಆಗಲಿಲ್ಲ. ಸುರಂಗದ ಸುತ್ತ ಅಗೆದು ತುಂಬಿದ ಮಣ್ಣು ಮತ್ತೆ ಗಟ್ಟಿಯಾಗಿ ಹೆಪ್ಪುಗಟ್ಟಿ ತಾನೇ ನೀರು ತಡೆಯುತ್ತದೆ ಎಂಬ ಎಣಿಕೆ ಸುಳ್ಳಾಯಿತು, ನೀರು ಒಸರದ ಹೊಸ ಸುರಂಗ ಕಟ್ಟಬೇಕಾಯಿತು.

ಪ್ರಶ್ನೆ: ಪರ್ಮಾಫ್ರಾಸ್ಟ್ ನೂರಾರು ಮೀಟರ್ ದಪ್ಪವಿದೆ ಎನ್ನುತ್ತಾರೆ. ಮೇಲಿನ ಒಂದೆರಡು ಮೀಟರಿನಲ್ಲಿ ಮಳೆ ಮಾಡುವ ಬದಲಾವಣೆಗೆ ಇಷ್ಟು ಆತಂಕ ಪಡಬೇಕೇ?

ಉತ್ತರ: ದಪ್ಪದ ವಿಷಯದಲ್ಲಿ ನಿಮ್ಮ ಮಾತು ಸರಿ. ಅಲಾಸ್ಕದ ಪ್ರೂಡೋ ಬೇ ಬಳಿ ಅದು 600 ಮೀಟರಿಗೂ ಹೆಚ್ಚಿದೆ, ಸೈಬೀರಿಯದ ಯಾಕುಟಿಯ ಪ್ರಾಂತ್ಯದ ಕೆಲವೆಡೆ ಸುಮಾರು 1,500 ಮೀಟರ್ ಇದೆ. ಅಷ್ಟೂ ದಪ್ಪ ನಮ್ಮ ಕಾಲದಲ್ಲಿ ಕರಗಿಹೋಗುವುದಿಲ್ಲ. ಆದರೆ ಮನೆ, ರಸ್ತೆ, ಕೊಳವೆಮಾರ್ಗಗಳು ನಿಂತಿರುವುದು ಮೇಲಿನ ಕೆಲವು ಮೀಟರುಗಳ ಮೇಲೆ. ಮಂಜುಗಡ್ಡೆ ಹೆಚ್ಚು ತುಂಬಿರುವುದೂ ಅನೇಕ ಕಡೆ ಅಲ್ಲೇ. ಉತ್ತರದ ಪರ್ಮಾಫ್ರಾಸ್ಟ್ ಪ್ರದೇಶಗಳ ಮಣ್ಣಿನಲ್ಲಿ 1,400ರಿಂದ 1,600 ಶತಕೋಟಿ ಟನ್ ಸಾವಯವ ಇಂಗಾಲವಿದೆ ಎಂಬುದು ಅಂದಾಜು. ಅದು ಈಗ ವಾತಾವರಣದಲ್ಲಿರುವ ಇಂಗಾಲದ ಹೆಚ್ಚುಕಡಿಮೆ ಎರಡು ಪಟ್ಟು. ಅದರಲ್ಲಿಯೂ ದೊಡ್ಡ ಪಾಲು ಮೇಲಿನ ಮೂರು ಮೀಟರಿನೊಳಗಿದೆ.

ತಾಪಮಾನದ ಅಂಕಿಗಳು ಇಲ್ಲಿ ನಮ್ಮನ್ನು ದಾರಿ ತಪ್ಪಿಸಬಲ್ಲವು. 2007ರಿಂದ 2016ರವರೆಗೆ ಜಗತ್ತಿನ ಪರ್ಮಾಫ್ರಾಸ್ಟ್ ಸರಾಸರಿ 0.29 ಡಿಗ್ರಿ ಬೆಚ್ಚಗಾಯಿತು ಎಂದು ಆಳದ ಕೊರೆತಗಳಲ್ಲಿ ಮಾಡಿದ ಅಳತೆಗಳು ಹೇಳುತ್ತವೆ. ಮೈನಸ್ 8 ಡಿಗ್ರಿಯ ನೆಲ ಮೈನಸ್ 7ಕ್ಕೆ ಏರಿದರೆ ಅದು ಎದ್ದು ಕಾಣುತ್ತದೆ, ಆದರೆ ಆ ನೆಲ ಗಟ್ಟಿಯಾಗಿಯೇ ಉಳಿದಿರುತ್ತದೆ. ಮೈನಸ್ ಅರ್ಧ ಡಿಗ್ರಿಯಲ್ಲಿರುವ ನೆಲಕ್ಕೆ ಅಷ್ಟೇ ಶಾಖ ಸೇರಿದರೆ ಅದೆಲ್ಲ ಒಳಗಿನ ಮಂಜುಗಡ್ಡೆಯನ್ನು ಕರಗಿಸಲು ಖರ್ಚಾಗಿ, ತಾಪಮಾಪಕದ ಅಂಕಿ ಕದಲುವುದೇ ಇಲ್ಲ. ಹೆಚ್ಚು ಹಾನಿಯಾಗುತ್ತಿರುವ ಜಾಗದಲ್ಲಿ ಅಂಕಿ ನಿಂತಲ್ಲೇ ನಿಂತಿರುತ್ತದೆ! ಮಳೆಯ ಪರಿಣಾಮವನ್ನು ತಾಪಮಾನದ ಜೊತೆಗೆ ಕರಗಿದ ಆಳದಲ್ಲಿಯೂ ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಇಳಿಜಾರುಗಳಲ್ಲಿ ಮಳೆ ಇನ್ನೊಂದು ಬಗೆಯಲ್ಲಿಯೂ ಕೆಲಸ ಮಾಡುತ್ತದೆ. ಕೆನಡದ ವಾಯವ್ಯ ಪ್ರಾಂತ್ಯಗಳಲ್ಲಿ ಪೀಲ್ ಪ್ರಸ್ಥಭೂಮಿ ಎಂಬ ಜಾಗವಿದೆ, ನೆಲದೊಳಗೆ ಹಳೆಯ ಹಿಮನದಿಗಳ ಕಾಲದ ಮಂಜುಗಡ್ಡೆ ಹುದುಗಿರುವ ನಾಡು. ಅಲ್ಲಿ ಗುಡ್ಡದ ಬದಿ ಕುಸಿದಾಗ ಮಂಜುಗಡ್ಡೆಯ ಗೋಡೆ ಹೊರಗೆ ಕಾಣಿಸಿಕೊಳ್ಳುತ್ತದೆ. ಒಣ ವರ್ಷಗಳಲ್ಲಾದರೆ ಕರಗಿ ಬಿದ್ದ ಕೆಸರು ಆ ಗೋಡೆಯ ಬುಡದಲ್ಲೇ ರಾಶಿಯಾಗಿ, ಅದನ್ನು ಮುಚ್ಚಿ, ಕುಸಿತವನ್ನು ತಾನೇ ನಿಲ್ಲಿಸುತ್ತದೆ. ಮಳೆ ಜೋರಾದ ವರ್ಷಗಳಲ್ಲಿ ಆ ಕೆಸರು ನೆನೆದು ಕಣಿವೆಗೆ ಹರಿದುಹೋಗುತ್ತದೆ, ಗೋಡೆ ಮತ್ತೆ ಬಿಸಿಲಿಗೆ ತೆರೆದುಕೊಳ್ಳುತ್ತದೆ, ಕುಸಿತ ಗುಡ್ಡದ ಮೇಲ್ಮುಖವಾಗಿ ಬೆಳೆಯುತ್ತಾ ಹೋಗುತ್ತದೆ. ಅಲ್ಲಿಯ ದೊಡ್ಡ ಕುಸಿತಗಳ ಬೆಳವಣಿಗೆಗೆ ಹೆಚ್ಚಿದ ಬೇಸಿಗೆ ಮಳೆಯೇ ಮುಖ್ಯ ಕಾರಣ ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದಿದ್ದಾರೆ.

ಇನ್ನು, ಕರಗಿದ ಮಣ್ಣಿನ ಇಂಗಾಲ ಕೊಳೆತು ಹೊರಬರುವ ಅನಿಲಗಳ ವಿಷಯ. ಅಲಾಸ್ಕದ ಒಳನಾಡಿನ, ಪರ್ಮಾಫ್ರಾಸ್ಟ್ ಕರಗುತ್ತಿರುವ ಒಂದು ಜೌಗಿನಲ್ಲಿ 2016ರ ಬೆಚ್ಚನೆಯ ವಸಂತದ ಮಳೆ ಸುತ್ತಲಿನ ಕಾಡಿನಿಂದ ಹರಿದು ಬಂದು ಸೇರಿ, ಅಂಚಿನ ಮಣ್ಣನ್ನು ಎಂದಿಗಿಂತ ಬೇಗ ಬೆಚ್ಚಗೆ ಮಾಡಿತು. ಜೊಂಡಿನಂಥ ಸಸ್ಯಗಳು ಚುರುಕಾಗಿ ಬೆಳೆದವು, ಆ ವರ್ಷ ಜೌಗಿನಿಂದ ಹೊರಬಿದ್ದ ಮೀಥೇನ್ ಸುಮಾರು ಶೇಕಡಾ 30ರಷ್ಟು ಹೆಚ್ಚಿತು. ಸುರಿದ ಜಾಗದಲ್ಲಿ ಅಲ್ಲ, ಹರಿದು ಸೇರಿದ ಜಾಗದಲ್ಲಿ ಆ ಮಳೆ ತನ್ನ ಪರಿಣಾಮ ತೋರಿಸಿತು ಎಂಬುದನ್ನು ಗಮನಿಸಿ.

ಪ್ರಶ್ನೆ: ಇದನ್ನೆಲ್ಲ ಅಳೆಯುವುದು ಹೇಗೆ?

ಉತ್ತರ: ಕರಗಿದ ಆಳವನ್ನು ಅಳೆಯುವ ಸಾಧನ ಅತ್ಯಂತ ಸರಳ: ಗುರುತು ಹಾಕಿದ ಒಂದು ಉಕ್ಕಿನ ಸರಳು. ಬೇಸಿಗೆಯ ಕೊನೆಯಲ್ಲಿ ಅದನ್ನು ನೆಲಕ್ಕೆ ಒತ್ತುತ್ತಾ ಹೋದರೆ ಕರಗಿದ ಮಣ್ಣಿನಲ್ಲಿ ಮೆತ್ತಗೆ ಇಳಿಯುತ್ತದೆ, ಹೆಪ್ಪುನೆಲ ತಾಕಿದ ಕೂಡಲೇ ಟಕ್ಕೆಂದು ನಿಲ್ಲುತ್ತದೆ. 1990ರ ದಶಕದ ಆರಂಭದಿಂದ ನಡೆಯುತ್ತಿರುವ ಅಂತರರಾಷ್ಟ್ರೀಯ ಅಳತೆ ಜಾಲದ ಅನೇಕ ತಾಣಗಳಲ್ಲಿ, ನೂರು ಮೀಟರ್ ಚೌಕದೊಳಗೆ ಹತ್ತು ಮೀಟರಿಗೊಂದರಂತೆ 121 ಕಡೆ ಸರಳು ಚುಚ್ಚಿ ಸರಾಸರಿ ತೆಗೆಯುತ್ತಾರೆ. ಇನ್ನೂ ಆಳದ ತಾಪಮಾನಕ್ಕಾಗಿ ರಂಧ್ರ ಕೊರೆದು ಥರ್ಮಿಸ್ಟರ್‌ಗಳ ಸರವನ್ನು ಇಳಿಬಿಡುತ್ತಾರೆ. ಈ ಕೆಲಸದ ಪರಂಪರೆ ಹಳೆಯದು. ಯಾಕುಟ್ಸ್ಕ್‌ನಲ್ಲಿ ಫ್ಯೋದೊರ್ ಶೆರ್ಗಿನ್ ಎಂಬ ವರ್ತಕ ಕುಡಿಯುವ ನೀರಿಗಾಗಿ 1828ರಿಂದ 1837ರವರೆಗೆ ಬಾವಿ ತೋಡಿಸಿ 116 ಮೀಟರ್ ತಲುಪಿದರೂ ನೀರು ಸಿಗದೆ ಕೈಬಿಟ್ಟ. 1840ರ ದಶಕದಲ್ಲಿ ಅಲೆಕ್ಸಾಂಡರ್ ಫಾನ್ ಮಿಡೆನ್ಡಾರ್ಫ್ ಎಂಬ ವಿಜ್ಞಾನಿ ಅದೇ ಬಾವಿಯ ಗೋಡೆಗಳಲ್ಲಿ ತಾಪಮಾಪಕಗಳನ್ನಿಟ್ಟು ಹೆಪ್ಪುನೆಲದ ಆಳದ ತಾಪಮಾನವನ್ನು ಅಳೆದರು.

ಮಳೆಯನ್ನು ಅಳೆಯುವುದು ಇದಕ್ಕಿಂತ ಕಷ್ಟ. ಬಯಲಿನ ಗಾಳಿಗೆ ಹನಿಗಳೂ ಹಿಮವೂ ಮಾಪಕದ ಬಾಯಿಗೆ ಬೀಳದೆ ಹಾರಿಹೋಗುತ್ತವೆ. ಚಳಿಗಾಲದಲ್ಲಿ ಬಿದ್ದದ್ದು ಮಳೆಯೋ ಹಿಮವೋ ಎಂಬುದೂ ಮಾಪಕದಿಂದ ಮಾತ್ರ ತಿಳಿಯುವುದಿಲ್ಲ. ಅಂಥ ಕಡೆ ನೆಲದೊಳಗಿನ ಥರ್ಮಿಸ್ಟರೇ ಸಾಕ್ಷಿ ಹೇಳುತ್ತದೆ: ಹಿಮದ ಕೆಳಗೆ ಮೈನಸ್ ಐದಾರು ಡಿಗ್ರಿಯಲ್ಲಿ ದಿನಗಟ್ಟಲೆ ನಿಧಾನವಾಗಿ ಸಾಗುತ್ತಿದ್ದ ಗೆರೆ ಕೆಲವೇ ಗಂಟೆಗಳಲ್ಲಿ ನೆಟ್ಟಗೆ ಸೊನ್ನೆಗೆ ಜಿಗಿದು ಅಲ್ಲೇ ಸಮತಟ್ಟಾಗಿ ನಿಂತಿದ್ದರೆ, ಆ ರಾತ್ರಿ ಅಲ್ಲಿ ಮಳೆನೀರು ನೆಲವನ್ನು ಮುಟ್ಟಿ ಹೆಪ್ಪುಗಟ್ಟತೊಡಗಿತ್ತು ಎಂದು ತಿಳಿಯುತ್ತದೆ.